ಹಳೆಯ ಜೀಪು, ಕಾರುಗಳ ನಟ್ಟು-ಬೋಲ್ಟುಗಳಿಗೆ ಯಾವ ಲೇಪ? ಮಲೆನಾಡಿನ ಮಳೆಗೆ ಹೊಂದುವ ಆಯ್ಕೆಗಳು

ಹಳೆಯ ವಾಹನವನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಲು ಹೊರಟವರು ಎಂಜಿನ್ನಿನ ಬಗ್ಗೆ, ಬಣ್ಣದ ಬಗ್ಗೆ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ನಟ್ಟು-ಬೋಲ್ಟಿನ ಮಾತು ಬಂದಾಗ ಮಾತ್ರ ಹೆಚ್ಚಿನವರಿಗೆ ಎರಡೇ ದಾರಿ ಕಾಣುತ್ತದೆ: ಎಲ್ಲವನ್ನೂ ಗುಜರಿಗೆ ಹಾಕಿ ಹೊಸದು ತರುವುದು, ಇಲ್ಲವೇ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಝಿಂಕ್ ಪ್ಲೇಟಿಂಗಿಗೆ, ಅಂದರೆ ಸತುವಿನ ಲೇಪಕ್ಕೆ, ಕಳಿಸುವುದು. ಸಕಲೇಶಪುರದ ಕಡೆಯ ತೋಟವೊಂದರಿಂದ ತಂದ ಮಹೀಂದ್ರ ಸಿಜೆ-3ಬಿ ಜೀಪನ್ನು, ಆಮೇಲೆ ಸ್ನೇಹಿತರೊಬ್ಬರ ಅಂಬಾಸಿಡರ್ ಕಾರನ್ನು ಹಾಸನದ ನನ್ನ ಶೆಡ್ಡಿನಲ್ಲಿ ಬಿಚ್ಚಿ ಕಟ್ಟಿದ ಮೇಲೆ ನನಗೆ ಖಚಿತವಾದದ್ದು ಇಷ್ಟು: ಲೇಪವನ್ನು ಇಡೀ ವಾಹನಕ್ಕೆಂದು ಆರಿಸಲಾಗದು, ಒಂದೊಂದು ಬೋಲ್ಟು ಕೂರುವ ಜಾಗವನ್ನು ನೋಡಿ ಆರಿಸಬೇಕು. ಅದು ಹೊರುವ ಭಾರ ಎಷ್ಟು, ತಾಳಬೇಕಾದ ಬಿಸಿ ಎಷ್ಟು, ಅದರ ಮೇಲೆ ಬೀಳುವ ನೀರು ಎಷ್ಟು ಎಂಬ ಮೂರನ್ನೂ ನೋಡಿದ ಮೇಲೆಯೇ ಅಂದಚೆಂದದ ಮಾತು.

ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ನೀರಿನ ಲೆಕ್ಕವೇ ದೊಡ್ಡದು. ಹಾಸನ ಪಟ್ಟಣದ ಕಾರ್‌ ಶೆಡ್ಡಿನಲ್ಲಿ ನಿಲ್ಲುವ ಕಾರಿಗೂ, ಅಲ್ಲಿಂದ ಸುಮಾರು 40 ಕಿಲೋಮೀಟರ್ ದೂರದ ಸಕಲೇಶಪುರದಲ್ಲೋ ಮೂಡಿಗೆರೆ, ಕೊಪ್ಪ, ಶೃಂಗೇರಿಗಳಲ್ಲೋ ಓಡಾಡುವ ಜೀಪಿಗೂ ಒಂದೇ ಅಳತೆ ಸಲ್ಲದು. ಸಕಲೇಶಪುರದ ಕಡೆ ವರ್ಷದ ಮಳೆ 2000 ಮಿಲಿಮೀಟರ್ ದಾಟುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಗಾಳಿಯ ತೇವ ಶೇಕಡಾ 60ರ ಆಸುಪಾಸು ದಾಟಿತೆಂದರೆ ಬರಿಯ ಉಕ್ಕಿನ ಮೇಲೆ ತುಕ್ಕು ಚುರುಕಾಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ಇಲ್ಲಿಯ ಗಾಳಿ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ.

ಮಳೆಯಷ್ಟೇ ಅಲ್ಲ, ತೋಟದ ಜೀಪು ಹೊರುವ ಸಾಮಾನುಗಳನ್ನೂ ಗಮನಿಸಬೇಕು. ಗೊಬ್ಬರದ ಚೀಲದಿಂದ ಸುರಿಯುವ ಪೊಟ್ಯಾಷ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್. ಉಕ್ಕಿನ ಪಾಲಿಗೆ ಅದು ಸಮುದ್ರದ ಉಪ್ಪಿಗಿಂತ ಭಿನ್ನವಲ್ಲ. ಕಾಫಿಯ ಎಲೆ ತುಕ್ಕು ರೋಗಕ್ಕೂ ಅಡಿಕೆಯ ಕೊಳೆಗೂ ಹೊಡೆಯುವ, ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣದ ಗುಣವನ್ನು ಬೆಳೆಗಾರರು ಚೆನ್ನಾಗಿ ಬಲ್ಲರು. ಸುಣ್ಣ ಸಾಕಷ್ಟು ಸೇರಿದೆಯೇ ಎಂದು ತಿಳಿಯಲು ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆಯುತ್ತಾರೆ, ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಹಾಕುತ್ತಾರೆ. ಮೈಲುತುತ್ತದ ನೀರು ಜೀಪಿನ ಹಿಂಬದಿಯ ಬೋಲ್ಟಿನ ಮೇಲೆ ಬಿದ್ದಾಗ ನಡೆಯುವುದೂ ಇದೇ ಕ್ರಿಯೆ, ಆದರೆ ಅಲ್ಲಿ ಅದನ್ನು ನೋಡುವವರಿರುವುದಿಲ್ಲ. ಸತು ಕಬ್ಬಿಣಕ್ಕಿಂತಲೂ ಬೇಗ ತಾಮ್ರಕ್ಕೆ ಜಾಗ ಬಿಟ್ಟುಕೊಡುತ್ತದೆ. ಹೊಳೆಯುವ ಝಿಂಕ್ ಲೇಪ ಕರಗಿಹೋಗಿ, ಆ ಜಾಗದಲ್ಲಿ ಕೆಂಗಪ್ಪು ಕಲೆ ಉಳಿದು, ಅದರ ಸುತ್ತ ತುಕ್ಕು ಹರಡುತ್ತದೆ. ನನ್ನ ಜೀಪಿನ ಹಿಂಬಾಗಿಲಿನ ಹತ್ತಿರದ ನಾಲ್ಕು ಬೋಲ್ಟುಗಳು ಹೀಗೆಯೇ ಇದ್ದವು, ಉಳಿದ ಬೋಲ್ಟುಗಳಿಗೆ ಅಷ್ಟು ಏಟು ಬಿದ್ದಿರಲಿಲ್ಲ.

ಮೊದಲು ವಿಂಗಡಣೆ

ಲೇಪದ ಆಯ್ಕೆ ಅಂಗಡಿಯಲ್ಲಿ ಆಗುವುದಿಲ್ಲ, ಬಿಚ್ಚುವ ದಿನವೇ ಆಗುತ್ತದೆ. ಮೊಟ್ಟೆ ಟ್ರೇಗಳನ್ನು ಸಾಲಾಗಿ ಇಟ್ಟುಕೊಂಡು, ಬೋಲ್ಟು ಬಂದ ಜಾಗವನ್ನು ಪೆನ್ಸಿಲ್ಲಿನಲ್ಲಿ ಬರೆದು, ಪ್ರತಿ ಟ್ರೇಯ ಫೋಟೋ ತೆಗೆದುಕೊಂಡರೆ ಆರು ತಿಂಗಳ ನಂತರ ಕಟ್ಟುವಾಗ ತಡಕಾಡಬೇಕಾಗುವುದಿಲ್ಲ. ಬಿಚ್ಚಿದ ಬೋಲ್ಟಿನ ಹೆಡ್ಡಿನ ಕೆಳಭಾಗವನ್ನು, ವಾಶರ್ ಕೂತಿದ್ದ ಸುತ್ತನ್ನು ಬಟ್ಟೆಯಿಂದ ಒರೆಸಿ ನೋಡಿರಿ. ಕಾರ್ಖಾನೆಯಲ್ಲಿ ಹಾಕಿದ ಮೂಲ ಲೇಪ ಹೊರಗೆಲ್ಲ ಸವೆದುಹೋಗಿದ್ದರೂ ವಾಶರಿನ ಅಡಿಯಲ್ಲಿ ಉಳಿದಿರುತ್ತದೆ. ಅಲ್ಲಿ ಕಂಡದ್ದು ಮಬ್ಬು ಬೂದುಗಪ್ಪಾದರೆ ಫಾಸ್ಫೇಟ್, ಹಳದಿ-ಹಸಿರು ಮಿನುಗಾದರೆ ಪ್ಯಾಸಿವೇಶನ್ (ಲೇಪದ ಮೇಲೆ ಕೊಡುವ ತೆಳು ರಕ್ಷಣೆಯ ಪದರ) ಮಾಡಿದ ಸತು ಅಥವಾ ಕ್ಯಾಡ್ಮಿಯಂ, ನಯವಾದ ಕಡುಗಪ್ಪಾದರೆ ಬ್ಲ್ಯಾಕೋಡೈಸಿಂಗ್ (ಉಕ್ಕಿನ ಮೇಲ್ಮೈಯನ್ನೇ ಕಪ್ಪಾಗಿಸುವ ವಿಧಾನ) ಎಂದು ಹೆಚ್ಚುಕಡಿಮೆ ಹೇಳಬಹುದು. ಮೂಲದಲ್ಲಿ ಏನಿತ್ತು ಎಂಬುದಕ್ಕೆ ಪುಸ್ತಕಕ್ಕಿಂತ ಈ ಒಂದು ವೃತ್ತಾಕಾರದ ಗುರುತು ಹೆಚ್ಚು ನಂಬಿಕೆಗೆ ಅರ್ಹ ಎಂದು ನನ್ನ ಅಭಿಪ್ರಾಯ.

ಅನಂತರ ಹೆಡ್ಡಿನ ಮೇಲಿನ ಗುರುತು. ಮೆಟ್ರಿಕ್ ಬೋಲ್ಟಿನ ಮೇಲೆ 8.8, 10.9, 12.9 ಎಂಬ ಅಂಕಿಗಳಿರುತ್ತವೆ, ಅಂಕಿ ದೊಡ್ಡದಾದಷ್ಟೂ ಉಕ್ಕು ಗಟ್ಟಿ. ಜೀಪಿನಂತಹ ಅಮೆರಿಕನ್ ಮೂಲದ ವಾಹನಗಳ ಬೋಲ್ಟುಗಳಲ್ಲಿ ಅಂಕಿಯ ಬದಲು ಗೆರೆಗಳಿರುತ್ತವೆ, ಮೂರು ಗೆರೆಯೆಂದರೆ ಗ್ರೇಡ್ 5, ಆರು ಗೆರೆಯೆಂದರೆ ಗ್ರೇಡ್ 8. ಗುರುತೇ ಇಲ್ಲದ್ದನ್ನು ಸಾಮಾನ್ಯ ಉಕ್ಕೆಂದು ಎಣಿಸುವುದು ರೂಢಿಯಾದರೂ ಸ್ಟೀರಿಂಗ್, ಬ್ರೇಕ್, ಕನೆಕ್ಟಿಂಗ್ ರಾಡ್‌ಗಳಿಂದ ಬಂದದ್ದಾದರೆ ಗುರುತಿಲ್ಲದಿದ್ದರೂ ಗಟ್ಟಿ ಉಕ್ಕೆಂದೇ ತಿಳಿಯಬೇಕು. ಜಿಕೆಡಬ್ಲ್ಯೂ, ಟಿವಿಎಸ್ ಮುಂತಾದ ತಯಾರಕರ ಅಕ್ಷರಗಳು ಮೂಡಿರುವ ಹಳೆಯ ಹೆಡ್ಡುಗಳನ್ನು ಕಳೆದುಕೊಳ್ಳಬೇಡಿರಿ. ಎಂಜಿನ್ನಿನ ಮೇಲೆ ಕಣ್ಣಿಗೆ ಬೀಳುವ ಜಾಗದಲ್ಲಿ ಆ ಅಕ್ಷರಗಳಿದ್ದರೆ ವಾಹನಕ್ಕೆ ಅದರ ಕಾಲದ ಗುರುತು ಉಳಿಯುತ್ತದೆ, ಅಂಗಡಿಯ ಹೊಸ ಬೋಲ್ಟು ಅದನ್ನು ಕೊಡಲಾರದು.

ಹಳೆಯದನ್ನು ಉಳಿಸಿಕೊಳ್ಳಲು ಇನ್ನೊಂದು ಕಾರಣ ಥ್ರೆಡ್. ಪ್ರೀಮಿಯರ್ ಪದ್ಮಿನಿ ಫಿಯೆಟ್ ಮೂಲದ್ದು, ಅದರ ಬೋಲ್ಟುಗಳು ಮೆಟ್ರಿಕ್. ಹಾಸನದ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೂ ಸಿಗುತ್ತವೆ. ಜೀಪು, ಅಂಬಾಸಿಡರ್, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳಲ್ಲಿ ಯುಎನ್‌ಎಫ್, ಯುಎನ್‌ಸಿ ಎಂಬ ಇಂಚಿನ ಅಳತೆಯ ಥ್ರೆಡ್‌ಗಳು ಹೆಚ್ಚು. ಅದಕ್ಕೂ ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬಿಎಸ್‌ಎಫ್, ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆಯ ಥ್ರೆಡ್‌ಗಳು. 5/16 ಇಂಚಿನ ಯುಎನ್‌ಎಫ್ ಬೋಲ್ಟಿನಲ್ಲಿ ಇಂಚಿಗೆ 24 ಸುತ್ತು, ಅದೇ ದಪ್ಪದ ಬಿಎಸ್‌ಎಫ್‌ನಲ್ಲಿ 22 ಸುತ್ತು. ಎಂಟು ಮಿಲಿಮೀಟರಿನ ಮೆಟ್ರಿಕ್ ನಟ್ಟು ಇವೆರಡರ ಮೇಲೂ ಒಂದೆರಡು ಸುತ್ತು ಹೋಗಿ ನಿಲ್ಲುತ್ತದೆ, ಸ್ಪ್ಯಾನರ್ ಹಾಕಿ ಒತ್ತಾಯಿಸಿದರೆ ಎರಡೂ ಹಾಳಾಗುತ್ತವೆ. ಯುದ್ಧಪೂರ್ವದ ಮಾರಿಸ್ ಎಂಜಿನ್ನುಗಳಲ್ಲಂತೂ ಮೆಟ್ರಿಕ್ ಥ್ರೆಡ್ಡಿನ ಮೇಲೆ ವಿಟ್‌ವರ್ತ್ ಅಳತೆಯ ಹೆಡ್ ಇರುತ್ತದೆ. ಅಂತಹ ಬೋಲ್ಟನ್ನು ಬಿಸಾಡಿದರೆ ಮತ್ತೆ ಲೇತಿನಲ್ಲಿ ಕಡೆಸಬೇಕು.

ಉಳಿಸಲೇಬಾರದವೂ ಇವೆ. ಸ್ಪ್ಲಿಟ್ ಪಿನ್ನು, ಮಡಚುವ ಲಾಕ್ ಪ್ಲೇಟು, ನೈಲಾನ್ ಸುತ್ತಿನ ನಟ್ಟುಗಳನ್ನು ಪ್ರತಿ ಸಲವೂ ಹೊಸದೇ ಹಾಕಬೇಕು. ಥ್ರೆಡ್ಡಿನ ನಡುವೆ ಸೊಂಟ ಸಣ್ಣಗಾದ ಬೋಲ್ಟು ಜಗ್ಗಿರುವ ಬೋಲ್ಟು, ಅದನ್ನು ಯಾವ ಲೇಪವೂ ಸರಿಪಡಿಸದು. ಲೀಫ್ ಸ್ಪ್ರಿಂಗಿನ ಯು ಬೋಲ್ಟಿನಲ್ಲಿ ತುಕ್ಕು ಹಳ್ಳ ಹಳ್ಳವಾಗಿ ಕೊರೆದಿದ್ದರೆ ಅದೂ ಗುಜರಿಗೇ.

ತುಕ್ಕು ತೆಗೆಯುವ ದಾರಿಗಳು

ಸಾಮಾನ್ಯ ಉಕ್ಕಿನ ಬೋಲ್ಟುಗಳಿಗೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲ, ನನ್ನ ಮೊದಲ ಆಯ್ಕೆ. ಲೀಟರ್ ಬೆಚ್ಚಗಿನ ನೀರಿಗೆ 50ರಿಂದ 100 ಗ್ರಾಂ ಹಾಕಿ, ಮೊದಲೇ ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ಜಿಡ್ಡು ತೊಳೆದು ಸೋಪಿನ ನೀರಿನಲ್ಲಿ ಒರೆಸಿದ ಬೋಲ್ಟುಗಳನ್ನು ಅದ್ದಿಟ್ಟರೆ ಕೆಲವು ಗಂಟೆಗಳಲ್ಲಿ ತುಕ್ಕು ಸಡಿಲವಾಗುತ್ತದೆ. ವಿನೆಗರ್ ಇದೇ ಕೆಲಸವನ್ನು ಒಂದು ರಾತ್ರಿ, ಎರಡು ರಾತ್ರಿ ತೆಗೆದುಕೊಂಡು ಮಾಡುತ್ತದೆ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಎರಡು ಮೂರು ವಾರ ಮುಳುಗಿಸಿಡುವ ದಾರಿಯೂ ಒಳ್ಳೆಯದೇ. ಒಳ್ಳೆಯ ಉಕ್ಕನ್ನು ಅದು ಅಷ್ಟಾಗಿ ತಿನ್ನುವುದಿಲ್ಲ, ವಾಸನೆಯನ್ನು ಮಾತ್ರ ಮನೆಯಿಂದ ದೂರ ಇಡಬೇಕು. ಹೈಡ್ರೋಕ್ಲೋರಿಕ್ ಆಮ್ಲ ನಿಮಿಷಗಳಲ್ಲಿ ಕೆಲಸ ಮುಗಿಸುತ್ತದೆ, ಆದರೆ ಅದರ ಹೊಗೆ ಶೆಡ್ಡಿನಲ್ಲಿರುವ ಉಳಿದ ಎಲ್ಲ ಉಕ್ಕಿಗೂ ತುಕ್ಕು ಹಿಡಿಸುತ್ತದೆ ಎಂಬ ಕಾರಣಕ್ಕೆ ನಾನು ಅದನ್ನು ಬಳಸುವುದನ್ನೇ ಬಿಟ್ಟಿದ್ದೇನೆ.

ಆಮ್ಲದಿಂದ ತೆಗೆದ ಬೋಲ್ಟನ್ನು ವಾಷಿಂಗ್ ಸೋಡಾ ನೀರಿನಲ್ಲಿ ಅದ್ದಿ, ಕುದಿನೀರಿನಲ್ಲಿ ತೊಳೆದು, ಬಿಸಿ ಆರುವ ಮೊದಲೇ ಒಣಗಿಸಿ ಎಣ್ಣೆ ಹಚ್ಚಬೇಕು. ಜುಲೈ ತಿಂಗಳಲ್ಲಿ ಈ ಕೆಲಸಕ್ಕೆ ಕೂತು ಊಟಕ್ಕೆ ಎದ್ದುಹೋದರೆ, ಬರುವಷ್ಟರಲ್ಲಿ ಬೆಳ್ಳಗಿದ್ದ ಬೋಲ್ಟುಗಳ ಮೇಲೆ ಕಿತ್ತಳೆ ಪುಡಿ ಕೂತಿರುತ್ತದೆ. ಆದ್ದರಿಂದ ತುಕ್ಕು ತೆಗೆಯುವ ಕೆಲಸವನ್ನು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿಕೊಳ್ಳುವುದು ಕ್ಷೇಮ. ಬಳಸಿದ ಆಮ್ಲವನ್ನು ತೋಟದ ಕಾಲುವೆಗೆ ಚೆಲ್ಲಬಾರದು. ನಮ್ಮ ಹಳ್ಳಗಳೆಲ್ಲ ಹೇಮಾವತಿ, ಯಗಚಿ, ತುಂಗೆ, ಭದ್ರೆಯರಿಗೇ ಸೇರುವುದು.

ಗಟ್ಟಿ ಉಕ್ಕಿನ ಬೋಲ್ಟುಗಳಿಗೆ, ಅಂದರೆ 10.9 ಮತ್ತು ಅದಕ್ಕೆ ಮೇಲಿನವಕ್ಕೆ, ಗ್ರೇಡ್ 8ಕ್ಕೆ, ಸ್ಪ್ರಿಂಗ್ ವಾಶರುಗಳಿಗೆ ಆಮ್ಲವೂ ಬೇಡ, ಬ್ಯಾಟರಿ ಚಾರ್ಜರ್ ಹಚ್ಚಿ ಸೋಡಾ ನೀರಿನಲ್ಲಿ ಮಾಡುವ ಎಲೆಕ್ಟ್ರೋಲಿಸಿಸ್ ಕೂಡ ಬೇಡ. ಕಾರಣವನ್ನು ಮುಂದೆ ಹೇಳುತ್ತೇನೆ. ಇವಕ್ಕೆ ಮರಳು ಬ್ಲಾಸ್ಟಿಂಗ್ ಅಥವಾ ವೈರ್ ಚಕ್ರವೇ ಸರಿ. ವೈರ್ ಚಕ್ರಕ್ಕೆ ಹಿಡಿಯುವಾಗ ಬೋಲ್ಟನ್ನು ಬೆರಳಿನಲ್ಲಿ ಹಿಡಿಯದೆ ವೈಸ್ ಗ್ರಿಪ್ಪಿನಲ್ಲಿ ಕಚ್ಚಿಸಿ, ಮುಖಕ್ಕೆ ಪೂರ್ತಿ ಮುಚ್ಚುವ ಶೀಲ್ಡ್ ಹಾಕಿಕೊಳ್ಳಬೇಕು. ಇನ್ನೂ ಒಂದು ಎಚ್ಚರಿಕೆಯಿದೆ. ಹಳೆಯ ಬ್ರಿಟಿಷ್ ಕಾರುಗಳ ಬೋಲ್ಟುಗಳಿಗೆ ಕ್ಯಾಡ್ಮಿಯಂ ಲೇಪ ಇದ್ದಿರಬಹುದು, ಅದರ ಪುಡಿಯೂ ಹೊಗೆಯೂ ವಿಷ. ಬರಿಗಣ್ಣಿಗೆ ಅದನ್ನು ಸತುವಿನಿಂದ ಬೇರ್ಪಡಿಸುವುದು ಕಷ್ಟವಾದ್ದರಿಂದ, ಲೇಪ ಉಳಿದಿರುವ ಹಳೆಯ ಬೋಲ್ಟನ್ನು ಒಣಗಿದ್ದಾಗ ಉಜ್ಜಬೇಡಿರಿ, ಗ್ಯಾಸ್ ಬೆಂಕಿಗೂ ಹಿಡಿಯಬೇಡಿರಿ. ಹೊಸದಾಗಿ ಕ್ಯಾಡ್ಮಿಯಂ ಹಾಕಿಸುವ ಆಲೋಚನೆಯನ್ನು ನಾನು ಈ ಹೋಲಿಕೆಗೆ ಸೇರಿಸಿಯೇ ಇಲ್ಲ.

ಝಿಂಕ್ ಪ್ಲೇಟಿಂಗ್

ಹೆಚ್ಚಿನ ಬೋಲ್ಟುಗಳಿಗೆ ಕೊನೆಗೆ ಇದೇ ಸೂಕ್ತ ಲೇಪ. ಸತುವಿನ ಗುಣವೆಂದರೆ ಅದು ಉಕ್ಕನ್ನು ಮುಚ್ಚುವುದಷ್ಟೇ ಅಲ್ಲ, ಸ್ಪ್ಯಾನರ್ ತಾಗಿ ಗೀರು ಬಿದ್ದ ಜಾಗದಲ್ಲೂ ತಾನು ಮೊದಲು ಸವೆದು ಉಕ್ಕನ್ನು ಕಾಯುತ್ತದೆ. ಬಣ್ಣಕ್ಕಾಗಲಿ, ಕ್ರೋಮಿಗಾಗಲಿ ಈ ಗುಣವಿಲ್ಲ. ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ದಪ್ಪ ಹಾಕುತ್ತಾರೆ. ಇಲ್ಲಿ ಒಂದು ಲೆಕ್ಕವನ್ನು ತಿಳಿದಿರಬೇಕು: ಥ್ರೆಡ್ಡಿನ ಇಳಿಜಾರಿನ ಮೇಲೆ ಕೂತ ಲೇಪ ಥ್ರೆಡ್ಡಿನ ವ್ಯಾಸವನ್ನು ತನ್ನ ದಪ್ಪದ ನಾಲ್ಕು ಪಟ್ಟು ಹೆಚ್ಚಿಸುತ್ತದೆ. ಎಂದರೆ 8 ಮೈಕ್ರಾನ್ ಲೇಪಕ್ಕೆ 32 ಮೈಕ್ರಾನ್. ಹಳೆಯ ಲೇಪವನ್ನು ಪೂರ್ತಿ ತೆಗೆಯದೆ ಅದರ ಮೇಲೆಯೇ ಮತ್ತೆ ಹಾಕಿಸಿದರೆ ಕೈಯಲ್ಲಿ ಓಡುತ್ತಿದ್ದ ನಟ್ಟು ಅರ್ಧದಲ್ಲಿ ನಿಲ್ಲುತ್ತದೆ. ಆಗ ಡೈ ಹಾಕಿ ಸರಿಪಡಿಸಲು ಹೋದರೆ ಕೊಟ್ಟ ಹಣವೆಲ್ಲ ಲೋಹದ ಚೂರಾಗಿ ನೆಲಕ್ಕೆ ಬೀಳುತ್ತದೆ. ಸಣ್ಣ ಯುಎನ್‌ಎಫ್ ಬೋಲ್ಟುಗಳಿಗೆ 5 ಮೈಕ್ರಾನ್, ಚಾಸಿಯ ದಪ್ಪ ಬೋಲ್ಟುಗಳಿಗೆ 8ರಿಂದ 10 ಎಂದು ಚೀಟಿಯಲ್ಲಿ ಬರೆದು ಬೇರೆ ಬೇರೆ ಚೀಲಗಳಲ್ಲಿ ಕೊಡುವುದು ಉತ್ತಮ. ಬ್ಯಾರಲ್ಲಿನಲ್ಲಿ ಉರುಳಿಸಿ ಪ್ಲೇಟಿಂಗ್ ಮಾಡುವಾಗ ದಪ್ಪ ಬೋಲ್ಟುಗಳು ಸಣ್ಣವುಗಳ ಥ್ರೆಡ್ಡಿಗೆ ಬಡಿದು ಏಟು ಮಾಡುತ್ತವೆ ಎಂಬುದಕ್ಕೂ ಈ ವಿಂಗಡಣೆ ಬೇಕು.

ಸತುವಿನ ಮೇಲೆ ಪ್ಯಾಸಿವೇಶನ್ ಆಗದಿದ್ದರೆ ಮಲೆನಾಡಿನಲ್ಲಿ ಆ ಲೇಪ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಒದ್ದೆ ಜೀಪನ್ನು ಟಾರ್ಪಾಲಿನಿಂದ ಮುಚ್ಚಿ ನಿಲ್ಲಿಸಿದರೆ, ಗಾಳಿಯಾಡದ ತೇವದಲ್ಲಿ ಸತು ಬಿಳಿ ಪುಡಿಯಾಗಿ ಉದುರತೊಡಗುತ್ತದೆ, ಇದಕ್ಕೆ ಬಿಳಿ ತುಕ್ಕು ಎನ್ನುತ್ತಾರೆ. ನೀಲಿ ಛಾಯೆಯ ಬಿಳಿ ಪ್ಯಾಸಿವೇಶನ್ ತೆಳುವು, ಹಳದಿಯದು ಅದಕ್ಕಿಂತ ಹೆಚ್ಚು ಬಾಳುತ್ತದೆ. ಹಳೆಯ ಕಾಲದ ಹಳದಿ, ಆರು ವೇಲೆನ್ಸಿಯ ಕ್ರೋಮಿಯಂನಿಂದ ಬಂದದ್ದು. ಗೀರಿದ ಜಾಗವನ್ನು ತಾನೇ ಸ್ವಲ್ಪಮಟ್ಟಿಗೆ ಮುಚ್ಚಿಕೊಳ್ಳುವ ಗುಣ ಅದಕ್ಕಿದೆ, ಆದರೆ ಅದು ಕ್ಯಾನ್ಸರ್‌ಕಾರಕ. ಯುರೋಪಿನಲ್ಲಿ ಕಾರುಗಳ ಭಾಗಗಳಿಗೆ 2007ರಿಂದ ಅದನ್ನು ನಿಷೇಧಿಸಲಾಗಿದೆ. ಮೂರು ವೇಲೆನ್ಸಿಯ ಹಳದಿ ಈಗ ಸಿಗುತ್ತದೆ; ಹಳೆಯ ಹೊನ್ನಿನ ಮಿನುಗು ಹಾಗೆಯೇ ಬರದಿದ್ದರೂ ನಾನು ಅದನ್ನೇ ಕೇಳುತ್ತೇನೆ, ಏಕೆಂದರೆ ಆ ತೊಟ್ಟಿಯ ಪಕ್ಕದಲ್ಲಿ ದಿನವಿಡೀ ನಿಲ್ಲುವುದು ಇನ್ನೊಬ್ಬರು.

ಇನ್ನು ಆಮ್ಲ ಬೇಡ ಎಂದದ್ದರ ಕಾರಣ. ಆಮ್ಲದಲ್ಲಿ ಅದ್ದುವಾಗಲೂ ವಿದ್ಯುತ್ತಿನಿಂದ ಲೇಪ ಹಾಕುವಾಗಲೂ ಉಕ್ಕಿನ ಮೇಲೆ ಹೈಡ್ರೋಜನ್ ಹುಟ್ಟುತ್ತದೆ, ಅದರಲ್ಲಿ ಸ್ವಲ್ಪ ಉಕ್ಕಿನ ಒಳಗೆ ಇಳಿಯುತ್ತದೆ. ಮೆತ್ತನೆಯ ಉಕ್ಕಿಗೆ ಅದರಿಂದ ತೊಂದರೆಯಿಲ್ಲ. ಹದ ಮಾಡಿದ ಗಟ್ಟಿ ಉಕ್ಕು ಮಾತ್ರ ಒಳಗೇ ಪೆಡಸಾಗಿ, ಬಿಗಿದು ಭಾರ ಬಿದ್ದ ಮೇಲೆ, ಕೆಲವೊಮ್ಮೆ ಗಂಟೆಗಳ ಅಥವಾ ದಿನಗಳ ನಂತರ, ಎಚ್ಚರಿಕೆ ಕೊಡದೆ ಮುರಿಯುತ್ತದೆ. ಮೊದಲ ಸಲ ನಾನು ಜೀಪಿನ ಎಲ್ಲವನ್ನೂ, ಸ್ಪ್ರಿಂಗ್ ವಾಶರುಗಳನ್ನೂ ಸೇರಿಸಿ, ಒಂದೇ ಚೀಲದಲ್ಲಿ ಪ್ಲೇಟಿಂಗ್ ಅಂಗಡಿಯೊಂದಕ್ಕೆ ಕಳಿಸಿದ್ದೆ. ಬಂದಾಗ ಎಲ್ಲವೂ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಗೇರ್‌ಬಾಕ್ಸಿನ ಬೋಲ್ಟುಗಳನ್ನು ಸಂಜೆ ಬಿಗಿದು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಶೆಡ್ಡಿನ ಸಿಮೆಂಟ್ ನೆಲದ ಮೇಲೆ ಅರ್ಧಚಂದ್ರದಂತಹ ಒಂದು ತುಂಡು ಬಿದ್ದಿತ್ತು. ಎತ್ತಿ ನೋಡಿದಾಗ ಹೊರಗೆಲ್ಲ ಹೊಸ ಹೊಳಪು, ಮುರಿದ ಮುಖ ಮಾತ್ರ ಸಕ್ಕರೆ ಹರಳಿನಂತೆ ಬೂದು ಬಣ್ಣದ ಕಣಕಣ. ಜಗ್ಗಿದ, ಬಾಗಿದ ಗುರುತು ಎಲ್ಲೂ ಇರಲಿಲ್ಲ. ಇನ್ನೂ ಮೂರು ವಾಶರುಗಳು ಬೋಲ್ಟಿನ ಕೆಳಗೇ ಎರಡು ಹೋಳಾಗಿ ನಿಂತಿದ್ದವು. ಅವು ಬರಿಯ ವಾಶರುಗಳಾದದ್ದು ನನ್ನ ಪುಣ್ಯ, ಅದೇ ಚೀಲದಲ್ಲಿ ಸ್ಟೀರಿಂಗಿನ ಬೋಲ್ಟುಗಳೂ ಇದ್ದವು. ಆ ದಿನವೇ ಅವನ್ನೆಲ್ಲ ತೆಗೆದು ಹಾಕಿದೆ.

ಇದಕ್ಕೆ ಪರಿಹಾರ ಬೇಕಿಂಗ್. ಪ್ಲೇಟಿಂಗ್ ಆದ ನಾಲ್ಕು ಗಂಟೆಗಳ ಒಳಗೆ 190ರಿಂದ 220 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಎಂಟು ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಇಟ್ಟು ಹೈಡ್ರೋಜನ್ ಹೊರಗೆ ಹೋಗುವಂತೆ ಮಾಡುತ್ತಾರೆ. ಇದನ್ನು ಪ್ಯಾಸಿವೇಶನ್‌ಗೆ ಮೊದಲೇ ಮಾಡಬೇಕು, ಏಕೆಂದರೆ ಹಳದಿ ಪದರ ಸುಮಾರು 65 ಡಿಗ್ರಿ ದಾಟಿದರೆ ಒಣಗಿ ಬಿರುಕು ಬಿಡುತ್ತದೆ. ಹೀಗಾಗಿ ಸಿದ್ಧವಾಗಿ ಬಂದ ಬೋಲ್ಟನ್ನು ಮನೆಯ ಓವನ್‌ನಲ್ಲಿ ಕಾಯಿಸುವುದು ತಡವಾದ ಚಿಕಿತ್ಸೆ, ಮೇಲಿನ ಲೇಪಕ್ಕೂ ಹಾನಿ. ಅಂಗಡಿಯವರು ಬೇಕಿಂಗ್ ಮಾಡುತ್ತಾರೆಯೇ ಎಂದು ಸ್ಪಷ್ಟವಾಗಿ ಕೇಳಿರಿ, ಇಲ್ಲವೆಂದರೆ 10.9ರ ಬೋಲ್ಟುಗಳನ್ನು ಕೊಡಬೇಡಿರಿ. 12.9ನ್ನು, ಸ್ಪ್ರಿಂಗ್ ವಾಶರನ್ನು, ಸರ್‌ಕ್ಲಿಪ್ಪನ್ನು ಬೇಕಿಂಗ್ ಇದ್ದರೂ ಕೊಡಬೇಡಿರಿ ಎಂಬುದು ನನ್ನ ಸಲಹೆ. ವಿದ್ಯುತ್ತಿಲ್ಲದೆ ಸತುವಿನ ಹಾಳೆಚೂರುಗಳನ್ನು ಅಂಟಿಸಿ ಸುಡುವ ಝಿಂಕ್ ಫ್ಲೇಕ್ ಲೇಪಕ್ಕೆ ಈ ಅಪಾಯವಿಲ್ಲ, ಆದರೆ ಅದನ್ನು ಮಾಡುವವರು ಕಾರ್ಖಾನೆಗಳ ದೊಡ್ಡ ಲಾಟುಗಳನ್ನೇ ಬಯಸುತ್ತಾರೆ.

ಎಲ್ಲಿ ಮಾಡಿಸುವುದು ಎಂಬ ಪ್ರಶ್ನೆಗೆ, ಬೆಂಗಳೂರಿನ ಪೀಣ್ಯದಲ್ಲಿ ಆಯ್ಕೆ ಹೆಚ್ಚು. ಕೆಜಿ ಲೆಕ್ಕದಲ್ಲಿ ಹಣ ತೆಗೆದುಕೊಳ್ಳುತ್ತಾರೆ, ಒಂದು ಕನಿಷ್ಠ ತೂಕವೂ ಇರುತ್ತದೆ. ಒಂದು ಜೀಪಿನ ಬೋಲ್ಟುಗಳಿಗೆ ಅಷ್ಟು ತೂಕ ಬಾರದಿದ್ದರೆ ಇಬ್ಬರು ಮೂವರು ಸೇರಿ ಕಳಿಸಬಹುದು, ಆಗ ಪ್ರತಿಯೊಬ್ಬರೂ ಎಣಿಸಿ ಬರೆದಿಟ್ಟುಕೊಳ್ಳಬೇಕು. ವಿನೆಗರಿನಲ್ಲಿ ಸತುವಿನ ತುಂಡು ಹಾಕಿ ಮನೆಯಲ್ಲೇ ಪ್ಲೇಟಿಂಗ್ ಮಾಡುವುದನ್ನೂ ನಾನು ಪ್ರಯತ್ನಿಸಿದ್ದೇನೆ. ಬೂದು ಬಣ್ಣದ ತೆಳು ಪದರ ಬಂದಿತು. ಒಳಾಂಗಣದ ಸ್ಕ್ರೂಗಳಿಗೆ ಸಾಕು, ಜೀಪಿನ ಅಡಿಗೆ ಸಾಲದು.

ಫಾಸ್ಫೇಟಿಂಗ್ ಮತ್ತು ಬ್ಲ್ಯಾಕೋಡೈಸಿಂಗ್

ಇವೆರಡೂ ಕಪ್ಪಾಗಿ ಕಾಣುವುದರಿಂದ ಒಂದೇ ಎಂದು ತಿಳಿಯುವವರಿದ್ದಾರೆ, ಆದರೆ ಗುಣ ಬೇರೆ. ಫಾಸ್ಫೇಟಿಂಗ್‌ನಲ್ಲಿ ಬೋಲ್ಟನ್ನು ಸುಮಾರು 85ರಿಂದ 95 ಡಿಗ್ರಿ ಬಿಸಿಯ ಫಾಸ್ಫೇಟ್ ದ್ರಾವಣದಲ್ಲಿ ಮುಳುಗಿಸುತ್ತಾರೆ. ಉಕ್ಕಿನ ಮೇಲೆ ಸಣ್ಣ ಸಣ್ಣ ಹರಳುಗಳ ಒರಟು ಪದರ ಬೆಳೆಯುತ್ತದೆ, ಆ ಹರಳುಗಳ ಸಂದಿನಲ್ಲಿ ಎಣ್ಣೆ ನಿಲ್ಲುತ್ತದೆ. ತುಕ್ಕನ್ನು ತಡೆಯುವುದು ಆ ಎಣ್ಣೆಯೇ. ಎಂಜಿನ್ನಿನ ಬೋಲ್ಟುಗಳಿಗೆ ಇದು ಅತ್ಯಂತ ಒಪ್ಪುವ ಲೇಪ, ಏಕೆಂದರೆ ಅಲ್ಲಿ ಎಣ್ಣೆಯ ಜಿನುಗಿಗೆ ಕೊರತೆಯಿಲ್ಲ, ಬಿಗಿಯುವಾಗ ಥ್ರೆಡ್ ನಯವಾಗಿ ಜಾರುತ್ತದೆ, ಮತ್ತು ಜೀಪಿನ ಮೂಲ ನೋಟವೂ ಇದೇ. ಬಣ್ಣ ಬಳಿಯುವ ಬೋಲ್ಟಿಗೂ ಫಾಸ್ಫೇಟಿನ ಮೇಲೆ ಪ್ರೈಮರ್ ಬಿಗಿಯಾಗಿ ಕಚ್ಚುತ್ತದೆ. ಗಟ್ಟಿ ಬೋಲ್ಟುಗಳನ್ನು ಬ್ಲಾಸ್ಟಿಂಗ್ ಮಾಡಿಯೇ ಕೊಡಬೇಕು, ಅಂಗಡಿಯಲ್ಲಿ ಆಮ್ಲಕ್ಕೆ ಹಾಕಬೇಡಿರೆಂದು ಹೇಳಿಯೂ ಬಿಡಬೇಕು.

ಬ್ಲ್ಯಾಕೋಡೈಸಿಂಗ್ ಪದರ ಸುಮಾರು ಒಂದೇ ಮೈಕ್ರಾನ್. ಕಾಸ್ಟಿಕ್ ದ್ರಾವಣದಲ್ಲಿ ಸುಮಾರು 140 ಡಿಗ್ರಿಯಲ್ಲಿ ಉಕ್ಕಿನ ಮೇಲ್ಮೈಯೇ ಕಪ್ಪಾಗುತ್ತದೆ. ಥ್ರೆಡ್ಡಿನ ಅಳತೆ ಬದಲಾಗುವುದಿಲ್ಲ ಎಂಬುದು ಇದರ ದೊಡ್ಡ ಲಾಭ. ತುಕ್ಕಿನ ವಿರುದ್ಧ ಮಾತ್ರ ಇದು ಬಹಳ ದುರ್ಬಲ, ಎಣ್ಣೆ ಒಣಗಿದರೆ ಮಲೆನಾಡಿನಲ್ಲಿ ಒಂದು ವಾರವೂ ತಡೆಯದು. ಡ್ಯಾಶ್‌ಬೋರ್ಡಿನ ಒಳಗೆ, ಡಿಸ್ಟ್ರಿಬ್ಯೂಟರಿನ ಸಣ್ಣ ಸ್ಕ್ರೂಗಳಿಗೆ, ಎಣ್ಣೆಯಲ್ಲೇ ಮುಳುಗಿರುವ ಭಾಗಗಳಿಗೆ ಸರಿ. ಗ್ಯಾರೇಜುಗಳಲ್ಲಿ ಬೋಲ್ಟನ್ನು ಕೆಂಪಗೆ ಕಾಯಿಸಿ ಹಳೆ ಆಯಿಲ್‌ಗೆ ಅದ್ದಿ ಕಪ್ಪು ಮಾಡುವ ರೂಢಿಯಿದೆ. 8.8 ಮತ್ತು ಅದಕ್ಕೆ ಮೇಲಿನ ಬೋಲ್ಟನ್ನು ಹೀಗೆ ಕಾಯಿಸಿದರೆ ಅದರ ಹದವೇ ಹಾಳಾಗುತ್ತದೆ, ಹೆಡ್ಡಿನ ಮೇಲೆ ಅಂಕಿ ಉಳಿದರೂ ಆ ಬಲ ಉಳಿಯುವುದಿಲ್ಲ.

ಉಳಿದ ಆಯ್ಕೆಗಳು

ಹಾಟ್ ಡಿಪ್ ಗ್ಯಾಲ್ವನೈಸಿಂಗ್ ಮತ್ತು ಪೌಡರ್ ಕೋಟಿಂಗ್ ಎರಡೂ ಥ್ರೆಡ್ಡಿಗೆ ತೀರ ದಪ್ಪ, ಸುಮಾರು 50 ಮೈಕ್ರಾನಿಗೂ ಹೆಚ್ಚು. ವಿದ್ಯುತ್ ಕಂಬದ ಬೋಲ್ಟಿಗೆ, ಗೇಟಿಗೆ ಹೊಂದುವ ಇವನ್ನು ಕಾರಿನ ಬೋಲ್ಟಿಗೆ ಬಿಟ್ಟುಬಿಡಬಹುದು.

ಸ್ಟೇನ್‌ಲೆಸ್ ಸ್ಟೀಲಿನ ಹೊಸ ಬೋಲ್ಟು ಹಾಕಿಬಿಡಿ ಎಂಬ ಸಲಹೆ ಮಳೆನಾಡಿನಲ್ಲಿ ಆಗಾಗ ಕೇಳಿಬರುತ್ತದೆ, ಕೇಳಲು ನ್ಯಾಯವಾಗಿಯೂ ಇದೆ. ಆದರೆ ಅಂಗಡಿಯಲ್ಲಿ ಸಿಗುವ ಎ2-70 ದರ್ಜೆಯ ಬೋಲ್ಟಿನ ಕರ್ಷಣ ಬಲ 700 ಮೆಗಾಪಾಸ್ಕಲ್, ಅದು ಶಾಶ್ವತವಾಗಿ ಜಗ್ಗತೊಡಗುವುದು 450ರಲ್ಲಿ, 8.8 ಉಕ್ಕಿನ ಬೋಲ್ಟಿಗೆ ಇವು 800 ಮತ್ತು 640. ಆದ್ದರಿಂದ ಸ್ಟೀರಿಂಗ್, ಬ್ರೇಕ್, ಸಸ್ಪೆನ್ಷನ್ ಕಡೆಗೆ ಅದು ಸುಳಿಯಲೇಬಾರದು. ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಬಿಗಿಯುವಾಗ ಕಚ್ಚಿಕೊಂಡು, ಮುಂದೆಯೂ ಹೋಗದೆ ಹಿಂದೆಯೂ ಬಾರದೆ ನಿಲ್ಲುವುದುಂಟು. ಅಲ್ಯೂಮಿನಿಯಂ ಬಾಡಿಯ ಲ್ಯಾಂಡ್ ರೋವರಿನಲ್ಲಿ ಸ್ಟೇನ್‌ಲೆಸ್ ಬೋಲ್ಟು ಒದ್ದೆಯಾದಾಗ ಸುತ್ತಲಿನ ಅಲ್ಯೂಮಿನಿಯಂ ಪುಡಿಯಾಗುತ್ತದೆ. ನಂಬರ್ ಪ್ಲೇಟಿಗೆ, ಮಡ್‌ಫ್ಲ್ಯಾಪಿಗೆ, ಟಾರ್ಪಾಲಿನ ಕೊಕ್ಕೆಗಳಿಗೆ ಹಾಕಿದರೆ ತೊಂದರೆಯಿಲ್ಲ.

ನಿಕಲ್ ಮತ್ತು ಕ್ರೋಮ್ ಕಣ್ಣಿಗೆ ಕಾಣುವ ಬಂಪರ್ ಬೋಲ್ಟುಗಳಿಗೆ, ಗುಮ್ಮಟದ ನಟ್ಟುಗಳಿಗೆ ಮಾತ್ರ. 1920ರ ದಶಕದ ಕೊನೆಯವರೆಗಿನ ಕಾರುಗಳಿಗೆ ನಿಕಲ್ಲಿನ ಬೆಚ್ಚನೆಯ ಹಳದಿ ಛಾಯೆಯೇ ನಿಜವಾದ ನೋಟ, ಕ್ರೋಮ್ ಹರಡಿದ್ದು ಅದರ ನಂತರ. ಕ್ರೋಮ್ ಪದರ ಒಂದು ಮೈಕ್ರಾನಿಗಿಂತಲೂ ತೆಳು, ಕಾಯುವ ಕೆಲಸ ಮಾಡುವುದು ಅದರ ಅಡಿಯ ನಿಕಲ್. ಆದ್ದರಿಂದ ಅಂಗಡಿಯವರೊಡನೆ ನಿಕಲ್ಲಿನ ದಪ್ಪದ ಬಗ್ಗೆ ಮಾತಾಡಬೇಕು.

ಬಣ್ಣವನ್ನು ಹಗುರವಾಗಿ ಕಾಣಬಾರದು. ಬಾಡಿ ಕೂರಿಸಿದ ಮೇಲೆ ಬೋಲ್ಟುಗಳ ಸಮೇತ ಬಣ್ಣ ಹೊಡೆದಿದ್ದ ವಾಹನಗಳಿಗೆ ಅದೇ ಸರಿ. ಸತುವಿನ ಮೇಲೆ ನೇರವಾಗಿ ಎನಾಮೆಲ್ ಬಳಿದರೆ ಸಿಪ್ಪೆಯಂತೆ ಏಳುತ್ತದೆ, ನಡುವೆ ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ಕಚ್ಚಿ ಹಿಡಿಯುವ ಅಡಿಬಣ್ಣ, ಬೇಕು.

ಜಾಗಕ್ಕೆ ತಕ್ಕ ಆಯ್ಕೆ

ನನ್ನ ಜೀಪಿನಲ್ಲಿ ಕೊನೆಗೆ ಉಳಿದ ಏರ್ಪಾಡು ಹೀಗಿದೆ. ಬಾಡಿ, ಬಾನೆಟ್, ರೇಡಿಯೇಟರ್ ಹಿಡಿಕೆ, ಫೆಂಡರ್‌ಗಳ ಗ್ರೇಡ್ 5 ಮತ್ತು ಅದಕ್ಕೆ ಕೆಳಗಿನ ಬೋಲ್ಟುಗಳಿಗೆಲ್ಲ 8 ಮೈಕ್ರಾನ್ ಝಿಂಕ್, ಹಳದಿ ಪ್ಯಾಸಿವೇಶನ್. ಹೊರಗೆ ಕಾಣುವವಕ್ಕೆ ಅದರ ಮೇಲೆ ಎಚ್ ಪ್ರೈಮರ್ ಮತ್ತು ಬಾಡಿಯ ಬಣ್ಣ. ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್‌ಗಳಿಗೆ ಫಾಸ್ಫೇಟ್ ಮತ್ತು ಎಣ್ಣೆ. ಸ್ಟೀರಿಂಗ್ ಆರ್ಮಿನ ಬೋಲ್ಟುಗಳು, ಪ್ರೊಪೆಲ್ಲರ್ ಶಾಫ್ಟಿನವು ಬ್ಲಾಸ್ಟಿಂಗ್ ಮಾಡಿದ ಫಾಸ್ಫೇಟ್. ಸ್ಪ್ರಿಂಗ್ ವಾಶರುಗಳೆಲ್ಲ ಅಂಗಡಿಯಿಂದ ತಂದ ಹೊಸವು. ಯು ಬೋಲ್ಟುಗಳನ್ನು ಹೊಸದಾಗಿಯೇ ತಂದು, ಫಾಸ್ಫೇಟಿನ ಮೇಲೆ ಚಾಸಿ ಕಪ್ಪು ಬಳಿದೆ. ಥ್ರೆಡ್ಡಿಗೆ ಬಣ್ಣ ತಾಗದಂತೆ ಸುತ್ತಿಟ್ಟಿದ್ದ ಟೇಪನ್ನು ಬಿಗಿಯುವ ಮುನ್ನ ತೆಗೆದೆ. ಮೈಲುತುತ್ತ ಬೀಳುವ ಹಿಂಬದಿಯ ಆ ನಾಲ್ಕು ಬೋಲ್ಟುಗಳಿಗೆ ಸತುವಿನ ಮೇಲೆ ಎರಡು ಕೋಟ್ ಎನಾಮೆಲ್.

ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕಡೆ ಸತು ಸಲ್ಲದು. ಅದು ಸುಮಾರು 419 ಡಿಗ್ರಿಯಲ್ಲಿ ಕರಗುತ್ತದೆ, ಅದಕ್ಕೆ ಬಹಳ ಮೊದಲೇ ಅದರ ಪ್ಯಾಸಿವೇಶನ್ ಹಾಳಾಗಿರುತ್ತದೆ. ಅಲ್ಲಿ ಲೇಪವಿಲ್ಲದ ಉಕ್ಕಿನ ಸ್ಟಡ್ಡು, ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಗ್ರಾಫೈಟ್ ಬೆರೆತ ಆ್ಯಂಟಿ ಸೀಜ್, ಅದರ ಮೇಲೆ ಹಿತ್ತಾಳೆಯ ನಟ್ಟು. ಹತ್ತು ವರ್ಷ ಬಿಟ್ಟು ಬಿಚ್ಚಿದರೂ ಹಿತ್ತಾಳೆಯ ನಟ್ಟು ಸ್ಟಡ್ಡನ್ನು ಮುರಿಯದೆ ಹೊರಗೆ ಬರುತ್ತದೆ.

ಹಾಸನ, ಅರಸೀಕೆರೆ, ಕಡೂರುಗಳ ಒಣ ಬಯಲಿನಲ್ಲಿ, ರಜಾದಿನಗಳಲ್ಲಿ ಮಾತ್ರ ಹೊರಗೆ ಬರುವ ಕಾರಾದರೆ ಇಷ್ಟು ಬಿಗಿಯಾಗಿ ನಡೆಯಬೇಕಿಲ್ಲ. ಸ್ನೇಹಿತರ ಅಂಬಾಸಿಡರಿನಲ್ಲಿ ಎಂಜಿನ್ ಕೋಣೆಯ ಹೆಚ್ಚಿನ ಬೋಲ್ಟುಗಳಿಗೆ ಬಿಳಿ ಪ್ಯಾಸಿವೇಶನ್‌ನ 5 ಮೈಕ್ರಾನ್ ಸತುವನ್ನೇ ಹಾಕಿಸಿದೆವು; ಶೆಡ್ಡಿನಲ್ಲಿ ನಿಲ್ಲುವ ಆ ಕಾರಿನಲ್ಲಿ ಎರಡು ಮಳೆಗಾಲ ಕಳೆದ ಮೇಲೂ ಬಿಳಿ ಪುಡಿ ಕಂಡಿಲ್ಲ.

ಬಿಗಿಯುವಾಗ

ಲೇಪ ಬದಲಾದರೆ ಥ್ರೆಡ್ಡಿನ ಜಾರುವಿಕೆಯೂ ಬದಲಾಗುತ್ತದೆ. ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಟಾರ್ಕ್ (ಬಿಗಿಯಲು ತಿರುಗಿಸುವ ಬಲದ ಅಳತೆ) ಒಣ ಥ್ರೆಡ್ಡಿಗೋ ಎಣ್ಣೆ ಹಚ್ಚಿದ್ದಕ್ಕೋ ಎಂದು ಮೊದಲು ಓದಿಕೊಳ್ಳಬೇಕು. ಒಣ ಥ್ರೆಡ್ಡಿಗೆ ಹೇಳಿದ ಟಾರ್ಕನ್ನು ಎಣ್ಣೆ ಹೀರಿದ ಫಾಸ್ಫೇಟ್ ಬೋಲ್ಟಿಗೆ ಹಾಗೆಯೇ ಹಾಕಿದರೆ ಸ್ಪ್ಯಾನರಿನ ಕೈಗೆ ವ್ಯತ್ಯಾಸ ತಿಳಿಯದಿದ್ದರೂ ಬೋಲ್ಟು ಹೆಚ್ಚು ಜಗ್ಗುತ್ತದೆ. ಪ್ರತಿ ನಟ್ಟನ್ನೂ ಕೂರಿಸುವ ಮುನ್ನ ಕೈಬೆರಳಿನಿಂದಲೇ ಕೊನೆಯ ಸುತ್ತಿನವರೆಗೂ ಓಡಿಸಿ ನೋಡಬೇಕು, ಎಲ್ಲಿ ತಡೆಯುತ್ತದೆಯೋ ಅಲ್ಲಿ ಲೇಪ ಗಂಟು ಕಟ್ಟಿದೆಯೆಂದು ತಿಳಿಯಬೇಕು. ಮಳೆಗಾಲಕ್ಕೆ ಮುನ್ನ ಜೀಪಿನ ಅಡಿಗೆಲ್ಲ ಹಳೆ ಎಂಜಿನ್ ಆಯಿಲ್ ಬಳಿಯುವ ತೋಟದ ರೂಢಿಯನ್ನು ನಾನು ಬಿಟ್ಟಿದ್ದೇನೆ. ಅದು ರಬ್ಬರ್ ಬುಷ್‌ಗಳನ್ನು ಊದಿಸುತ್ತದೆ, ಮಳೆನೀರಿನೊಂದಿಗೆ ಗದ್ದೆಗೂ ಹರಿಯುತ್ತದೆ. ಅದರ ಬದಲು ಮೇ ತಿಂಗಳ ಕೊನೆಯಲ್ಲಿ ಯು ಬೋಲ್ಟು, ಶ್ಯಾಕಲ್, ಬಾಡಿ ಬೋಲ್ಟುಗಳ ಹೊರಗೆ ಉಳಿದ ಥ್ರೆಡ್ಡುಗಳಿಗೆ ಸಣ್ಣ ಬ್ರಷ್‌ನಲ್ಲಿ ಗ್ರೀಸ್ ತುಂಬಿ, ಅಕ್ಟೋಬರಿನಲ್ಲಿ ಮಣ್ಣು ತೊಳೆದ ಮೇಲೆ ಮತ್ತೊಮ್ಮೆ ಅದನ್ನೇ ಮಾಡುತ್ತೇನೆ.